32 ಜಿಬಿ ಕಾರ್ಡು, 29 ಜಿಬಿ ಜಾಗ: ಕೈ ಜಿಪಿಎಸ್‌ಗೆ ಮೆಮೊರಿ ಕಾರ್ಡ್ ಹಾಕುವ ಮುನ್ನ

"ತಮ್ಮಾ, ಅಂಗಡಿಯಾಂವ 32 ಅಂತ ಹೇಳಿ ರೊಕ್ಕ ಇಸ್ಕೊಂಡಾನ. ಕಂಪ್ಯೂಟರಿಗೆ ಹಾಕಿದ್ರ 29 ತೋರಸಾಕತ್ತದ. ಮೂರು ಜಿಬಿ ಎಲ್ಲಿ ಹೋತೋ?"

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮೇಲಿನ ಮಹಡಿಯ ಕಾಕಾ ಕೇಳಿದ ಪ್ರಶ್ನೆ ಇದು. ಧಾರವಾಡ ಕಡೆಯವರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ಮೂರು ಪೈಸೆ ತಾಳೆಯಾಗದಿದ್ದರೂ ರಾತ್ರಿ ನಿದ್ದೆ ಮಾಡದ ಜೀವ. ಮೂರು ಜಿಬಿ ಬಿಡುತ್ತಾರೆಯೇ? ಮಗ ತನ್ನ ಹಳೆಯ ಗಾರ್ಮಿನ್ ಇಟ್ರೆಕ್ಸ್ 30, ಅಂದರೆ ದಾರಿ ತೋರಿಸುವ ಕೈ ಜಿಪಿಎಸ್ ಯಂತ್ರ, ಕೊಟ್ಟು ಹೋದಾಗಿನಿಂದ ಭಾನುವಾರ ಬಂತೆಂದರೆ ಅವರು ಮನೆಯಲ್ಲಿ ಸಿಗುವುದಿಲ್ಲ. ಸಿಂಹಗಡ, ರಾಜಗಡ, ಲೋಹಗಡ ಎಂದು ಒಂದಾದ ಮೇಲೊಂದು ಹತ್ತುತ್ತಿದ್ದಾರೆ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮೂರು ಜಿಬಿಯ ಲೆಕ್ಕ ಎರಡು ನಿಮಿಷದ್ದು. ಆದರೆ ಕಾರ್ಡಿನ ಮೇಲೆ ಬರೆದ ಜಾಗ, ಕಂಪ್ಯೂಟರ್ ತೋರಿಸುವ ಜಾಗ, ಯಂತ್ರ ಒಪ್ಪಿಕೊಳ್ಳುವ ಜಾಗ, ನಮಗೆ ನಿಜಕ್ಕೂ ಬೇಕಾದ ಜಾಗ ಇವು ನಾಲ್ಕೂ ಬೇರೆ ಬೇರೆ. ಬೆಟ್ಟದ ಮೇಲೆ ಕೈಕೊಡುವುದು ಕೊನೆಯ ಎರಡು.

ಸೇರಿನ ಲೆಕ್ಕ

ಮೆಟ್ರಿಕ್ ಬರುವ ಮುಂಚೆ ಒಂದೊಂದು ಸಂತೆಯಲ್ಲಿ ಒಂದೊಂದು ಸೇರು ಇತ್ತಲ್ಲ, ಇದೂ ಹಾಗೆಯೇ. ಕಾರ್ಡ್ ತಯಾರಿಸುವವರ ಸೇರಿನಲ್ಲಿ ಒಂದು ಜಿಬಿ ಎಂದರೆ ನೂರು ಕೋಟಿ ಬೈಟು. ವಿಂಡೋಸ್ 1024ನ್ನು 1024ರಿಂದ, ಮತ್ತೆ 1024ರಿಂದ ಗುಣಿಸಿ, 1,07,37,41,824 ಬೈಟು ಸೇರಿದರೆ ಮಾತ್ರ ಒಂದು ಜಿಬಿ ಎನ್ನುತ್ತದೆ. 3,200 ಕೋಟಿ ಬೈಟನ್ನು ಈ ದೊಡ್ಡ ಸೇರಿನಲ್ಲಿ ಅಳೆದರೆ 29.8 ಬರುತ್ತದೆ. ಹಾಗೆಯೇ 8 ಜಿಬಿ ಕಾರ್ಡು 7.45, 16ರದ್ದು 14.9, 64ರದ್ದು 59.6. ಹತ್ತಿರ ಹತ್ತಿರ ಶೇಕಡಾ 7ರಷ್ಟು 'ಸೋರಿಕೆ'. ಅದೇ ಕಾರ್ಡನ್ನು ಮ್ಯಾಕ್‌ಗೆ ಹಾಕಿದರೆ 32ರ ಆಸುಪಾಸು ತೋರಿಸುತ್ತದೆ, ಏಕೆಂದರೆ ಮ್ಯಾಕ್ 2009ರಿಂದ ಅಂಗಡಿಯವರ ಸೇರನ್ನೇ ಒಪ್ಪಿಕೊಂಡಿದೆ.

ಈ 29.8ರಲ್ಲೂ ಒಂದಿಷ್ಟು, ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಗೆ ಹೋಗುತ್ತದೆ. ಆದ್ದರಿಂದ 29ಕ್ಕೆ ಮೇಲೆ ಎಷ್ಟು ತೋರಿಸಿದರೂ ಚಿಂತೆ ಬೇಡ. 14 ಎಂದೋ 7 ಎಂದೋ ತೋರಿಸಿದರೆ ಮಾತ್ರ ಚೀಟಿ ಹಿಡಿದು ಅಂಗಡಿಗೆ ನಡೆಯಿರಿ.

ಮೊದಲು ಯಂತ್ರ, ಆಮೇಲೆ ಕಾರ್ಡು

ಹೆಚ್ಚಿನವರು ಕಾರ್ಡು ಕೊಂಡ ಮೇಲೆ ಯಂತ್ರವನ್ನು ವಿಚಾರಿಸುತ್ತಾರೆ. ಅದು ತಿರುಗುಮುರುಗು. ಮೊದಲು ಬ್ಯಾಟರಿ ಮುಚ್ಚಳ ತೆಗೆಯಿರಿ, ಎರಡೂ ಸೆಲ್ ಹೊರಗಿಡಿ. ಇಟ್ರೆಕ್ಸ್ 20, 30, ಜಿಪಿಎಸ್‌ಮ್ಯಾಪ್ 64 ಮುಂತಾದವುಗಳಲ್ಲಿ ಮೈಕ್ರೊ ಎಸ್‌ಡಿ ಕಾರ್ಡಿನ ಗೂಡು ಸೆಲ್‌ಗಳ ಕೆಳಗೇ ಇರುತ್ತದೆ. ಇಟ್ರೆಕ್ಸ್ 10ಕ್ಕೆ ಗೂಡೇ ಇಲ್ಲ. ನಿಮ್ಮದು ಅದಾಗಿದ್ದರೆ ಕಾರ್ಡಿನ ಮಾತು ಇಲ್ಲಿಗೆ ಮುಗಿಯಿತು, ಹೆಜ್ಜೆ ದಾಖಲೆಯ ಭಾಗಕ್ಕೆ ಹಾರಿಕೊಳ್ಳಿ.

ಮುಂದೆ ಕೈಪಿಡಿಯಲ್ಲಿ ಗರಿಷ್ಠ ಎಷ್ಟು ಜಿಬಿ ಎಂದಿದೆ ಎಂದು ನೋಡಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರ್ಡುಗಳಿಗೆ ಮೂರು ತಲೆಮಾರುಗಳಿವೆ: 2 ಜಿಬಿವರೆಗೆ ಬರೀ ಎಸ್‌ಡಿ, ಅದಕ್ಕೆ ಮೇಲೆ 32 ಜಿಬಿವರೆಗೆ ಎಸ್‌ಡಿಎಚ್‌ಸಿ, 32 ದಾಟಿದರೆ ಎಸ್‌ಡಿಎಕ್ಸ್‌ಸಿ. ಎಸ್‌ಡಿಎಚ್‌ಸಿ ಬಂದದ್ದು 2006ರಲ್ಲಿ, ಎಸ್‌ಡಿಎಕ್ಸ್‌ಸಿ 2009ರಲ್ಲಿ. ತನಗಿಂತ ಕಿರಿಯ ತಲೆಮಾರಿನ ಕಾರ್ಡನ್ನು ಹಳೆಯ ಯಂತ್ರ ಗುರುತಿಸುತ್ತದೆ ಎಂಬ ಖಾತ್ರಿ ಇಲ್ಲ. ಚಾರಣಿಗರ ಕೈಯಲ್ಲಿರುವ ಬಹುಪಾಲು ಗಾರ್ಮಿನ್‌ಗಳಿಗೆ 32 ಜಿಬಿಯೇ ಸುರಕ್ಷಿತ ಮೇಲ್ಮಿತಿ ಎಂದು ಇಟ್ಟುಕೊಳ್ಳಿ.

ವೇಗದ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ವಿಡಿಯೊ ತೆಗೆಯುವವರಿಗೆಂದು ಮಾಡಿದ ದುಬಾರಿ ಕಾರ್ಡಿನಿಂದ ಜಿಪಿಎಸ್ ಪರದೆ ಚುರುಕಾಗುವುದಿಲ್ಲ. ನಿಧಾನವಾಗಿರುವುದು ಯಂತ್ರದ ಮೆದುಳು. ಕ್ಲಾಸ್ 4ರಿಂದ ಕ್ಲಾಸ್ 10ರವರೆಗಿನ ಸಾಮಾನ್ಯ ಕಾರ್ಡು ಸಾಕೇ ಸಾಕು.

ಎಷ್ಟು ಜಾಗ ಬೇಕು?

ಕಾಕಾ ಕೇಳಬೇಕಿದ್ದ ಪ್ರಶ್ನೆ ಇದು.

ಮಹಾಬಳೇಶ್ವರದಿಂದ ಕಳಸೂಬಾಯಿವರೆಗೆ, ನಡುವೆ ರಾಯಗಡ, ರಾಜಗಡ, ತೋರಣಾ, ಲೋಹಗಡ, ಶಿವನೇರಿ, ಹರಿಶ್ಚಂದ್ರಗಡ ಎಲ್ಲ ಸೇರಿ, ಪೂರ್ವ ರೇಖಾಂಶ 73ರಿಂದ 74, ಉತ್ತರ ಅಕ್ಷಾಂಶ 17ರಿಂದ 20ರ ನಡುವೆ ಕುಳಿತಿವೆ. ಅಂದರೆ ಒಂದು ಡಿಗ್ರಿಯ ಮೂರು ಚೌಕಗಳು. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದ ಎತ್ತರದ ಮಾಹಿತಿ ಇದೆಯಲ್ಲ, ನಮ್ಮ ಉಚಿತ ನಕ್ಷೆಗಳಲ್ಲಿ ಎತ್ತರದ ಗೆರೆಗಳು ಬಹುಮಟ್ಟಿಗೆ ಹುಟ್ಟುವುದು ಅದರಿಂದಲೇ. ಸುಮಾರು 30 ಮೀಟರಿಗೊಂದು ಬಿಂದು. ಒಂದು ಚೌಕಕ್ಕೆ 3601 ಸಾಲು, ಸಾಲಿಗೆ 3601 ಬಿಂದು, ಬಿಂದುವಿಗೆ ಎರಡು ಬೈಟು. ಗುಣಿಸಿದರೆ 26 ಎಂಬಿ. ಮೂರು ಚೌಕಕ್ಕೆ 78 ಎಂಬಿ. ಇಷ್ಟೂ ಕೋಟೆ, ಬೆಟ್ಟಗಳ ಏರಿಳಿತದ ಮೂಲ ಮಾಹಿತಿ ನಿಮ್ಮ ಫೋನಿನ ಒಂದು ಸಣ್ಣ ವಿಡಿಯೊದಷ್ಟೂ ತೂಗುವುದಿಲ್ಲ! ಇದರ ಮೇಲೆ ರಸ್ತೆ, ಕಾಲುದಾರಿ, ಹಳ್ಳ, ಊರಿನ ಹೆಸರು ಸೇರಿಸಿ ಯಂತ್ರಕ್ಕೆ ಹೊಂದುವಂತೆ ಮಾಡಿದ ನಕ್ಷೆಗೂ ಜಿಬಿಗಳ ಲೆಕ್ಕ ಬೇಕಿಲ್ಲ, ಎಂಬಿಗಳಲ್ಲೇ ಮುಗಿಯುತ್ತದೆ.

ಆದ್ದರಿಂದ ನನ್ನ ಸಲಹೆ ಸರಳ. 8 ಜಿಬಿ ಕಾರ್ಡು ಸಿಕ್ಕರೆ ಅದೇ ಧಾರಾಳ. ಈಗ ಅಂಗಡಿಗಳಲ್ಲಿ ಅದು ಅಪರೂಪ, ಹಾಗಾಗಿ 16 ಅಥವಾ 32 ತೆಗೆದುಕೊಳ್ಳಿ. 64 ಬೇಡ. ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ದುಪ್ಪಟ್ಟು ಸಿಗುತ್ತದೆ ಎಂದರೂ ಬೇಡ.

ಕಾರ್ಡು ನಿಜ ಹೇಳುತ್ತಿದೆಯೇ?

64 ಬೇಡ ಎನ್ನಲು ನನಗೆ ಸ್ವಂತ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಆನ್‌ಲೈನಿನಲ್ಲಿ ಯಾರೋ ಮಾರಾಟಗಾರನಿಂದ ಅಗ್ಗಕ್ಕೆ 64 ಜಿಬಿ ಕಾರ್ಡು ತರಿಸಿದ್ದೆ. ಮನೆಯಲ್ಲಿ ಎಲ್ಲ ಸರಿ ಇತ್ತು. ಭಾರತದ ನಕ್ಷೆ, ಹಿಮಾಲಯದ ನಕ್ಷೆ, ಮುಂದೆಂದೋ ಹೋಗಬಹುದಾದ ನೇಪಾಳದ ನಕ್ಷೆ, ಹಳೆಯ ಫೋಟೊಗಳು, ಎಲ್ಲವನ್ನೂ ದುರಾಸೆಯಿಂದ ತುಂಬಿದೆ. ಕೊನೆಯಲ್ಲಿ ಸಹ್ಯಾದ್ರಿಯದು. ರಾಜಗಡದ ಸಂಜೀವನಿ ಮಾಚಿ ದಾಟಿ, ಆಳು ದರವಾಜಾದಿಂದ ತೋರಣಾ ದಿಕ್ಕಿಗೆ ಇಳಿಯುವಾಗ ಮಂಜು ಕವಿಯಿತು. ಜಿಪಿಎಸ್ ತೆಗೆದು ನಕ್ಷೆ ಹಿಗ್ಗಿಸಿದೆ. ಯಂತ್ರ ತಾನಾಗಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕಾರ್ಡು ಕಿತ್ತ ಮೇಲಷ್ಟೇ ಉಸಿರಾಡಿತು, ಆದರೆ ಪರದೆಯ ಮೇಲೆ ಮುಂಬೈ–ಬೆಂಗಳೂರು ಹೆದ್ದಾರಿ ಬಿಟ್ಟರೆ ಏನೂ ಇಲ್ಲ. ಆವತ್ತು ದಾರಿ ತೋರಿಸಿದ್ದು ದನ ಹೊಡೆದುಕೊಂಡು ಬಂದ ಒಬ್ಬ ಹುಡುಗ.

ಮನೆಗೆ ಬಂದು ಪರೀಕ್ಷಿಸಿದರೆ ಆ 64ರಲ್ಲಿ ನಿಜವಾಗಿ ಇದ್ದದ್ದು 8 ಜಿಬಿಯೂ ಇಲ್ಲ. ಇಂಥ ಕಾರ್ಡುಗಳ ಒಳಗಿನ ಕಂಟ್ರೋಲರ್ ಚಿಪ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರ್ ಕೇಳಿದರೆ 64 ಎನ್ನುತ್ತದೆ. ಇರುವ ಜಾಗ ಮುಗಿದ ಮೇಲೆ ಬರೆದದ್ದನ್ನು ಎಲ್ಲೂ ಇಡದೆ ಬಿಸಾಡುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಫೈಲಿನ ಹೆಸರು, ಗಾತ್ರ ಎಲ್ಲ ಸರಿಯಾಗಿ ಕಾಣುತ್ತವೆ. ಒಳಗೆ ಮಾತ್ರ ಹೊಟ್ಟು.

ಹಾಗಾಗಿ ಕಾರ್ಡು ತಂದ ದಿನವೇ, ಏನನ್ನೂ ತುಂಬುವ ಮೊದಲು, ಈ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಜರ್ಮನರು ಮಾಡಿದ್ದು, ತೆರೆದೊಡನೆ ಜರ್ಮನ್ ಭಾಷೆ ಬಂದರೆ ಗಾಬರಿಯಾಗಬೇಡಿ, ಮೇಲ್ಗಡೆ ಇಂಗ್ಲಿಷ್ ಆಯ್ಕೆ ಇದೆ. ಕಾರ್ಡನ್ನು ಆರಿಸಿ, ಪೂರ್ತಿ ಜಾಗಕ್ಕೆ ಬರೆದು ಪರಿಶೀಲಿಸು ಎಂದು ಒತ್ತಿ. ಕಾರ್ಡಿನ ತುಂಬ ಗುರುತಿನ ಅಂಕಿಗಳನ್ನು ಬರೆದು, ಮತ್ತೆ ಒಂದೊಂದನ್ನೂ ಓದಿ ತಾಳೆ ನೋಡುತ್ತದೆ. ಕ್ಯಾಷಿಯರ್ ಸಂಜೆ ಕೂತು ನೋಟು ಎಣಿಸಿದ ಹಾಗೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಇದೇ ಕೆಲಸಕ್ಕೆ ಎಫ್3 ಇದೆ. ಸೆಕೆಂಡಿಗೆ 15 ಎಂಬಿ ಬರೆಯುವ ಕಾರ್ಡಾದರೆ 32 ಜಿಬಿ ತುಂಬಲು 36 ನಿಮಿಷ, ಓದಲು ಇನ್ನಷ್ಟು. ಅಷ್ಟರಲ್ಲಿ ಚಹಾ ಕುಡಿದು, ಸ್ನಾನ ಮಾಡಿ ಬರಬಹುದು. ತಪ್ಪಿಲ್ಲ ಎಂದು ಬಂದರೆ ಆ ಪರೀಕ್ಷಾ ಫೈಲುಗಳನ್ನು ಅಳಿಸಿ. ತಪ್ಪು ಬಂದರೆ ಆ ಕಾರ್ಡನ್ನು ಮಕ್ಕಳ ಆಟಕ್ಕೂ ಕೊಡಬೇಡಿ, ಹಿಂದಿರುಗಿಸಿ.

ಪುಣೆಯ ತಪಕೀರ್ ಗಲ್ಲಿಯಲ್ಲೋ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಕೊಳ್ಳುವುದಾದರೆ ಬಿಲ್ಲು ಕೇಳಿ ಪಡೆಯಿರಿ. ಚೌಕಾಶಿಯಲ್ಲಿ ಉಳಿಸಿದ ಮೂವತ್ತು ರೂಪಾಯಿಗಿಂತ ಆ ಚೀಟಿ ದೊಡ್ಡದು.

ಫಾರ್ಮ್ಯಾಟ್

ಯಂತ್ರಕ್ಕೆ ಅರ್ಥವಾಗುವುದು ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಪದ್ಧತಿ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಅಂಗಡಿಯಿಂದಲೇ ಹಾಗೆ ಬರುತ್ತವೆ, ಏನೂ ಮಾಡಬೇಕಿಲ್ಲ. ಬೇರೆಡೆ ಬಳಸಿದ ಕಾರ್ಡಾದರೆ ಕಂಪ್ಯೂಟರಿನಲ್ಲಿ ಫ್ಯಾಟ್32 ಆರಿಸಿ ಫಾರ್ಮ್ಯಾಟ್ ಮಾಡಿ. ಮ್ಯಾಕ್‌ನಲ್ಲಿ ಅದರ ಹೆಸರು ಎಂಎಸ್-ಡಾಸ್ ಫ್ಯಾಟ್. ಜೊತೆಗೆ ಮಾಸ್ಟರ್ ಬೂಟ್ ರೆಕಾರ್ಡ್ ಎಂಬುದನ್ನು ಆರಿಸಿ.

64 ಜಿಬಿ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಬೇರೆ ಪದ್ಧತಿಯಲ್ಲಿ ಬರುತ್ತವೆ. ಹಳೆಯ ಜಿಪಿಎಸ್‌ಗೆ ಅದನ್ನು ಹಾಕಿದರೆ ಕಾರ್ಡೇ ಇಲ್ಲವೆಂಬಂತೆ ಸುಮ್ಮನಿರುತ್ತದೆ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ ಇಂಥ ದೊಡ್ಡ ಕಾರ್ಡಿಗೆ ಫ್ಯಾಟ್32 ಆಯ್ಕೆ ಕಾಣುವುದಿಲ್ಲ. ಬೇರೆ ತಂತ್ರಾಂಶ ಬಳಸಿ ಮಾಡಬಹುದು, ಮಾಡಿ ಗೆದ್ದವರೂ ಇದ್ದಾರೆ. ಆದರೆ ಬಳಸದ ಜಾಗಕ್ಕಾಗಿ ಇಷ್ಟು ಸರ್ಕಸ್ ಯಾಕೆ ಎಂದು ನನ್ನ ಪ್ರಶ್ನೆ.

ಫ್ಯಾಟ್32ರ ಇನ್ನೊಂದು ಕಟ್ಟಳೆ ನೆನಪಿರಲಿ. ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ, ಒಂದು ಬೈಟಾದರೂ ಕಡಿಮೆ ಇರಬೇಕು. ಕಾರ್ಡಿನಲ್ಲಿ 29 ಜಿಬಿ ಖಾಲಿ ಇದ್ದರೂ ಐದು ಜಿಬಿಯ ಒಂದೇ ನಕ್ಷೆ ಹಾಕಲು ಹೋದರೆ 'ಫೈಲು ಬಹಳ ದೊಡ್ಡದು' ಎಂಬ ಉತ್ತರ ಬರುತ್ತದೆ. ಇದಕ್ಕೆ ಕಾರ್ಡು ಬದಲಿಸುವುದು ಮದ್ದಲ್ಲ. ನಕ್ಷೆಯನ್ನು ರಾಜ್ಯವಾರು, ಪ್ರದೇಶವಾರು ತುಂಡು ಮಾಡಿ ಹಾಕಬೇಕು.

ನಕ್ಷೆ ಇಳಿಸುವುದು

ಜನರೇ ಸೇರಿ ಕಟ್ಟಿದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯಿಂದ ಗಾರ್ಮಿನ್ ರೂಪದ ನಕ್ಷೆ ಮಾಡಿಕೊಡುವ ಉಚಿತ ತಾಣಗಳಿವೆ. ಕೆಲವು ಇಡೀ ದೇಶದ್ದನ್ನು ಕೊಡುತ್ತವೆ. ಬಿಬಿಬೈಕ್‌ನಂಥವು ನಾವೇ ಚೌಕ ಎಳೆದು ತೋರಿಸಿದಷ್ಟನ್ನು ಕತ್ತರಿಸಿ ಕೊಡುತ್ತವೆ. ಎರಡನೆಯದೇ ಒಳ್ಳೆಯದು. ಮೇಲೆ ಹೇಳಿದ ಅಕ್ಷಾಂಶ ರೇಖಾಂಶಗಳನ್ನೇ ಕೊಡಿ.

ಇದಕ್ಕೆ ಗಾತ್ರವೊಂದೇ ಕಾರಣವಲ್ಲ. ಗಾರ್ಮಿನ್ ನಕ್ಷೆ ಒಂದು ಫೈಲಿನಂತೆ ಕಂಡರೂ ಒಳಗೆ ಕೌದಿಯ ಹಾಗೆ ನೂರಾರು ತುಂಡುಗಳನ್ನು ಹೊಲಿದಿರುತ್ತಾರೆ. ಯಂತ್ರ ಎಷ್ಟು ತುಂಡುಗಳನ್ನು ನಿಭಾಯಿಸಬಲ್ಲದು ಎಂಬುದಕ್ಕೂ ಮಿತಿ ಇದೆ. ಹಿಂದೆ ಬಹಳ ಹೆಸರು ಮಾಡಿದ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್‌ನಲ್ಲಿ ಅದು 2025. ತುಂಡುಗಳು ಆ ಸಂಖ್ಯೆ ದಾಟಿದರೆ ಕಾರ್ಡಿನಲ್ಲಿ ಎಷ್ಟು ಜಾಗ ಉಳಿದಿದ್ದರೂ ಮಿಕ್ಕ ನಕ್ಷೆ ಪರದೆಗೆ ಬರುವುದಿಲ್ಲ. ಇಡೀ ಏಷ್ಯಾ ತುಂಬಿಕೊಂಡು ಸಿಂಹಗಡದಲ್ಲಿ ದಾರಿ ತಪ್ಪುವುದು ಹೀಗೆ.

ನಕ್ಷೆಯನ್ನು ಜಿಪಿಎಸ್‌ಗೆ ಕೇಬಲ್ ಚುಚ್ಚಿ ಕಳಿಸಬೇಡಿ. ಬಹುತೇಕ ಕೈ ಯಂತ್ರಗಳ ಮೂಲಕ ಕಾರ್ಡಿಗೆ ಬರೆಯುವುದು ಎತ್ತಿನ ಗಾಡಿಯ ಪ್ರಯಾಣ. ಕಾರ್ಡು ತೆಗೆದು ರೀಡರ್‌ಗೆ ಹಾಕಿ. ಕಾರ್ಡಿನ ಬೇರಿನಲ್ಲಿ, ಅಂದರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ, ಇಂಗ್ಲಿಷ್ ಅಕ್ಷರಗಳಲ್ಲಿ ಗಾರ್ಮಿನ್ ಎಂಬ ಹೆಸರಿನ ಫೋಲ್ಡರ್ ಮಾಡಿ. ನಕ್ಷೆಯ ಐಎಂಜಿ ಫೈಲನ್ನು ಅದರೊಳಗೆ ಇಡಿ. ಇಟ್ರೆಕ್ಸ್ 20, 30ರಿಂದ ಈಚಿನ ಯಂತ್ರಗಳು ಐಎಂಜಿ ಫೈಲಿಗೆ ಯಾವ ಹೆಸರಿದ್ದರೂ ಓದುತ್ತವೆ, ಹಾಗಾಗಿ 'ಸಹ್ಯಾದ್ರಿ', 'ಗೋವಾ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟು ನಾಲ್ಕಾರು ನಕ್ಷೆಗಳನ್ನು ಜೊತೆಗಿಡಬಹುದು. 60ಸಿಎಸ್‌ಎಕ್ಸ್ ಕಾಲದವು ಮಾತ್ರ ಹಠಮಾರಿಗಳು; ಜಿ ಎಂ ಎ ಪಿ ಎಸ್ ಯು ಪಿ ಪಿ ಎಂಬ ಒಂದೇ ಹೆಸರಿಗೆ ಓಗೊಡುತ್ತವೆ. ಕೊನೆಯ ಎರಡು ಪಿಗಳಲ್ಲಿ ಒಂದು ಬಿಟ್ಟರೂ ನಕ್ಷೆ ಕಾಣದು. ಈ ಒಂದು ಪಿಗಾಗಿ ನಾನು ಒಂದು ಶನಿವಾರ ಕಳೆದಿದ್ದೇನೆ.

ಕಾರ್ಡನ್ನು ಗೂಡಿಗೆ ಸೇರಿಸಿ, ಸೆಲ್ ಹಾಕಿ, ಹಚ್ಚಿ. ಹೊಸ ನಕ್ಷೆ ಹಾಕಿದ ಮೇಲೆ ಮೊದಲ ಸಲ ಏಳಲು ತುಸು ಹೊತ್ತು ಹಿಡಿಯುತ್ತದೆ. ನಕ್ಷೆಯ ಸೆಟ್ಟಿಂಗಿಗೆ ಹೋಗಿ ಬೇಕಾದದ್ದನ್ನು ಮಾತ್ರ ಚಾಲೂ ಮಾಡಿ. ಒಂದೇ ಜಾಗದ ಎರಡು ನಕ್ಷೆ ಒಟ್ಟಿಗೆ ಚಾಲೂ ಇದ್ದರೆ ಒಂದರ ಮೇಲೊಂದು ಗೀಚಿ ಪರದೆ ಗೋಜಲಾಗುತ್ತದೆ.

ಸ್ಕ್ಯಾನ್ ಮಾಡಿದ ನಕ್ಷೆ ಹಾಕುವವರಿಗೆ

ಭಾರತೀಯ ಸರ್ವೇಕ್ಷಣ ಇಲಾಖೆ 2017ರಲ್ಲಿ ತನ್ನ 1:50,000 ಅಳತೆಯ ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. ಆಗ ಆ ತಾಣದ ಹೆಸರೇ 'ನಕ್ಷೆ' ಎಂದಿತ್ತು. ಆ ಹಾಳೆಗಳನ್ನು ಚಿತ್ರವಾಗಿ ಜಿಪಿಎಸ್‌ಗೆ ಹಾಕಬಹುದು. ಚಿತ್ರ ಜೆಪೆಗ್ ಆಗಿರಬೇಕು, ಅದು ಭೂಮಿಯ ಮೇಲೆ ಎಲ್ಲಿ ಕೂರಬೇಕೆಂದು ಹೇಳುವ ಕೆಎಂಜೆಡ್ ಎಂಬ ಫೈಲಿನಲ್ಲಿ ಕಟ್ಟಿರಬೇಕು. ಮಿತಿ ಇರುವುದು ತುಂಡುಗಳಲ್ಲಿ: ಒಂದು ತುಂಡು 1024 × 1024 ಚುಕ್ಕೆ, ಹಳೆಯ ಹಲವು ಮಾದರಿಗಳಲ್ಲಿ ಒಟ್ಟು 100 ತುಂಡು.

ಒಂದು ಹಾಳೆ 15 ನಿಮಿಷ ಅಕ್ಷಾಂಶ, 15 ನಿಮಿಷ ರೇಖಾಂಶ. ಪುಣೆಯ ಅಕ್ಷಾಂಶದಲ್ಲಿ ಅದು ಉತ್ತರ ದಕ್ಷಿಣ 27.7 ಕಿ.ಮೀ., ಪೂರ್ವ ಪಶ್ಚಿಮ 26.4 ಕಿ.ಮೀ. ಓದಲು ಬರುವಂತಿರಬೇಕಾದರೆ ಚುಕ್ಕೆಗೆ 5 ಮೀಟರು ಬೇಕು. ಹಾಗೆ ಲೆಕ್ಕ ಹಾಕಿದರೆ ಆರು ಸಾಲು, ಸಾಲಿಗೆ ಆರು, ಒಟ್ಟು 36 ತುಂಡು. ಎರಡು ಹಾಳೆಗೆ 72. ಮೂರನೆಯದಕ್ಕೆ 108, ಹೊರಗೆ! ತುಂಡೊಂದು ಅರ್ಧ ಎಂಬಿ ಎಂದರೂ ನೂರೂ ಸೇರಿ 50 ಎಂಬಿ. ಕಾರ್ಡಿನಲ್ಲಿ 29 ಜಿಬಿ ಬಿದ್ದಿರುತ್ತದೆ, ನಕ್ಷೆ ಎರಡೇ ಹಾಳೆ. ಕೆಎಂಜೆಡ್‌ಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಹೋಗುವ ಗಡಕ್ಕೆ ತಕ್ಕಂತೆ ಶುಕ್ರವಾರ ರಾತ್ರಿ ಬದಲಿಸಿಕೊಳ್ಳುವುದೇ ದಾರಿ.

ಹೆಜ್ಜೆಯ ದಾಖಲೆ ಬೇರೆ ಮನೆಯಲ್ಲಿ

ಕಾರ್ಡು ದೊಡ್ಡದಿದ್ದರೆ ನಡೆದ ದಾರಿಯನ್ನೂ ಹೆಚ್ಚು ಉಳಿಸಬಹುದು ಎಂದು ಕಾಕಾ ನಂಬಿದ್ದರು. ಇಟ್ರೆಕ್ಸ್‌ನಂಥ ಯಂತ್ರಗಳು ಟ್ರ್ಯಾಕನ್ನು ಬರೆಯುವುದು ಒಳಗಿನ ಮೆಮೊರಿಯಲ್ಲಿ, ಕಾರ್ಡಿನಲ್ಲಲ್ಲ. ಅಲ್ಲೂ ಚಾಲ್ತಿಯ ಟ್ರ್ಯಾಕಿಗೆ 10,000 ಬಿಂದುಗಳ ಮಿತಿ, ಇಟ್ರೆಕ್ಸ್ 20, 30ರಲ್ಲಿ ಉಳಿಸಿದ ಟ್ರ್ಯಾಕು 200. ಸೆಕೆಂಡಿಗೊಂದು ಬಿಂದು ಎಂದು ಇಟ್ಟರೆ 10,000 ಮುಗಿಯುವುದು ಎರಡೂಮುಕ್ಕಾಲು ಗಂಟೆಯಲ್ಲಿ. ಕಾತ್ರಜದಿಂದ ಸಿಂಹಗಡಕ್ಕೆ ರಾತ್ರಿ ನಡೆಯುವವರಿಗೆ ಅರ್ಧ ಗುಡ್ಡಗಳೂ ಆಗಿರುವುದಿಲ್ಲ. ತುಂಬಿದ ಮೇಲೆ ಏನಾಗಬೇಕು ಎಂಬುದು ಟ್ರ್ಯಾಕ್ ಸೆಟ್ಟಿಂಗಿನಲ್ಲಿದೆ: ತಾನಾಗಿ ಕಟ್ಟಿಡು ಎಂದಿದ್ದರೆ ಬಚಾವ್. ಹಳೆಯ ಯಂತ್ರಗಳಲ್ಲಿ ಮೊದಲಿನದನ್ನು ಅಳಿಸುತ್ತ ಹೋಗುವ ಆಯ್ಕೆ ಇರುತ್ತದೆ. ಸಿಂಹಗಡ ತಲುಪಿದಾಗ ಕಾತ್ರಜವೇ ಇರುವುದಿಲ್ಲ. ಹತ್ತು ಸೆಕೆಂಡಿಗೊಂದು ಎಂದು ಇಡಿ, 27 ಗಂಟೆ ಬರುತ್ತದೆ.

ಬಿಂದುವೊಂದಕ್ಕೆ 120 ಬೈಟು ಎಂದರೂ ಸೆಕೆಂಡಿಗೊಂದರಂತೆ ಎಂಟು ಗಂಟೆಯ ದಾರಿ ಮೂರೂವರೆ ಎಂಬಿ ದಾಟುವುದಿಲ್ಲ. ಇಲ್ಲಿ ಜಾಗದ ಬರವಿಲ್ಲ. ತಿಂಗಳಿಗೊಮ್ಮೆ ಕಂಪ್ಯೂಟರಿಗೆ ನಕಲು ತೆಗೆದು ಯಂತ್ರದಲ್ಲಿ ಅಳಿಸಿ, ಅಷ್ಟೇ. ಅಳಿಸುವಾಗ ಟ್ರ್ಯಾಕುಗಳಿರುವ ಜಿಪಿಎಕ್ಸ್ ಫೋಲ್ಡರಿನ ಆಚೆ ಕೈ ಹಾಕಬೇಡಿ, ಯಂತ್ರದ ಸ್ವಂತ ಫೈಲುಗಳೂ ಅಕ್ಕಪಕ್ಕದಲ್ಲೇ ಇರುತ್ತವೆ.

ಅಳಿಸಿದರೂ ಜಾಗ ಬರದಿದ್ದರೆ

ಮ್ಯಾಕ್ ಇರುವವರು ಗಮನಿಸಿ. ಕಾರ್ಡಿನಿಂದ ಫೈಲು ಅಳಿಸಿದರೆ ಅದು ಕಾರ್ಡಿನಲ್ಲೇ ಕಣ್ಣಿಗೆ ಕಾಣದ ಕಸದ ಫೋಲ್ಡರಿಗೆ ಹೋಗಿ ಕೂತಿರುತ್ತದೆ. ಕಾರ್ಡು ಹೊರತೆಗೆಯುವ ಮುಂಚೆ ಕಸದಬುಟ್ಟಿ ಖಾಲಿ ಮಾಡಿ, ಇಲ್ಲದಿದ್ದರೆ ಎರಡು ಜಿಬಿ ನಕ್ಷೆ ಅಳಿಸಿಯೂ ಎರಡು ಜಿಬಿ ತುಂಬಿಯೇ ಇರುತ್ತದೆ. ಯಾವ ಕಂಪ್ಯೂಟರಾದರೂ 'ಇಜೆಕ್ಟ್' ಒತ್ತದೆ ಕಾರ್ಡು ಕೀಳಬೇಡಿ.

ಮಳೆಗಾಲದಲ್ಲಿ ಬೆಟ್ಟದ ಮೇಲೆ ಕಾರ್ಡು ಬದಲಿಸುವ ಸಾಹಸವೂ ಬೇಡ. ಮುಚ್ಚಳ ಬಿಗಿಯಾಗಿದ್ದರೆ ಈ ಯಂತ್ರಗಳು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತವೆ. ಮುಚ್ಚಳ ತೆರೆದರೆ ಆಷಾಢದ ಒಂದು ಜಡಿ ಸಾಕು. ಉಗುರಿನಷ್ಟು ಅಗಲದ ಆ ಕಾರ್ಡು ಕೆಸರಿಗೆ ಬಿದ್ದರೆ ಹುಡುಕುವ ಮಾತೇ ಇಲ್ಲ.

ಎಲ್ಲ ಮುಗಿಸಿ ಕಾಕಾರ ಕಾರ್ಡಿನಲ್ಲಿ ಇನ್ನೆಷ್ಟು ಖಾಲಿ ಇದೆ ಎಂದು ತೋರಿಸಿದೆ. 29 ಜಿಬಿಗೆ ಮೇಲೆಯೇ ಇತ್ತು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇಷ್ಟು ಜಾಗಾ ಸುಮ್ನ ಬಿದ್ದದಲ್ಲೋ. ಭೀಮಸೇನ ಜೋಶಿಯವರದು ಒಂದಿಷ್ಟು ಹಾಕು."

"ಇದು ಹಾಡೂದಿಲ್ಲ ಕಾಕಾ."

"ಮತ್ತ 32 ಯಾಕ ತೊಗೊಳಾಕ ಹೇಳ್ದಿ?"

"8 ಸಿಗಲಿಲ್ಲಲ್ರೀ."